ಹ್ಞೂಂ ಅಂದದ್ದು ದರಕ್ಕಷ್ಟೇ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದದ್ದು.)

ಬಾಗಲಕೋಟೆ ನವನಗರದವರು. ವಯಸ್ಸು ಅರವತ್ತು ದಾಟಿದೆ. ಇಲ್ಲಿ ಅಕ್ಕಾರು ಎನ್ನುತ್ತೇನೆ. ಗಂಡ ತೀರಿಕೊಂಡಿದ್ದಾರೆ. ಮಗ ಪುಣೆಯಲ್ಲಿ, ಮಗಳು ಇದೇ ಊರಿನ ವಿದ್ಯಾಗಿರಿಯಲ್ಲಿ. ಅವ್ವನಿಗೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂತ ಮಗಳು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು. ಬಿಪಿ ಬಿಟ್ಟರೆ ಬೇರೇನೂ ಇಲ್ಲ ಅಂತ ಡಾಕ್ಟರು ಹೇಳಿದ್ದರಂತೆ.

ಮನೆ ಮಾರುವ ವಿಷಯ ನಿಧಾನಕ್ಕೆ ಹೊರಬಂತು. ಒಂದು ಮದುವೆಯಲ್ಲಿ ಮೈದುನನ ಮಗ ಪಕ್ಕದಲ್ಲಿ ಕುಳಿತು, "ದೊಡ್ಡವ್ವ, ಮನಿ ಕೊಡೂದಾದ್ರ ನನಗ ಕೊಡು, ಹೊರಗಿನವರಿಗೆ ಯಾಕ?" ಅಂದ. 46 ಲಕ್ಷ ಅಂದ. ಇವರು ಹ್ಞೂಂ ಅಂದರು. ಆಮೇಲೆ ಮನೆಗೆ ಬಂದು ಇಸಾರ (ಮುಂಗಡ) ಅಂತ 51,000 ರೂಪಾಯಿ ಚೆಕ್ ಕೊಟ್ಟು ಹೋದ. ಕಾಗದಪತ್ರ ಏನೂ ಆಗಲಿಲ್ಲ. ಅಷ್ಟರಲ್ಲಿ ಏಜೆಂಟ್ ಒಬ್ಬ ಬಂದ. ಆಲಮಟ್ಟಿ ಅಣೆಕಟ್ಟೆ 519.60ರಿಂದ 524.256 ಮೀಟರಿಗೆ ಏರಿದರೆ ಮನೆ ಮುಳುಗಡೆಯಾಗಿ ಇನ್ನಷ್ಟು ಜನ ಇತ್ತ ಬರುತ್ತಾರೆ, ಈಗಲೇ 52 ಲಕ್ಷ ಕೊಡಿಸುತ್ತೇನೆ ಅಂದ.

ಮಗಳ ಲೆಕ್ಕದಲ್ಲಿ ಅವ್ವನ ಚಿಂತೆ ಆ ಆರು ಲಕ್ಷದ್ದು. ನನಗೆ ಹಾಗೆ ಕಾಣಲಿಲ್ಲ. ದುಡ್ಡಿನ ಮಾತು ನಡೆದಾಗ ಅಕ್ಕಾರು ಆರಾಮಾಗಿಯೇ ಇದ್ದರು. "ಮನೆ ಯಾವಾಗ ಬಿಟ್ಟುಕೊಡಬೇಕು?" ಅಂದೊಡನೆ ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದರು. ಮೈದುನನ ಮಗ, ಆ ಹುಡುಗ, ಮೇ ಕೊನೆಗೆ ಕೀಲಿ ಬೇಕು ಅಂದಿದ್ದ. ಇವರು ಒಮ್ಮೆ ಮನೆ ಬಿಟ್ಟು ಬಂದವರು. ಹಳೇ ಬಾಗಲಕೋಟೆಯ ಮನೆ ಹಿನ್ನೀರಿಗೆ ಹೋದಾಗ ನೋಟಿಸು, ಪರಿಹಾರ, ಸಾಮಾನು ಸಾಗಿಸುವುದು ಎಲ್ಲ ಗಂಡಸರೇ ನೋಡಿಕೊಂಡಿದ್ದರು. ಹೊರಡುವ ದಿನವಷ್ಟೇ ಇವರಿಗೆ ಗೊತ್ತಾಗಿದ್ದು. ಅಲ್ಲಿಂದ ಕಿತ್ತು ತಂದ ಸಾಗವಾನಿ ಬಾಗಿಲನ್ನು ಚೌಕಟ್ಟು ಸಮೇತ ಈಗಿನ ಮನೆಗೆ ಕೂಡಿಸಿದ್ದಾರೆ.

"ಮಾತ ಕೊಟ್ಟೇನ್ರಿ, ಇನ್ನ ಏನ ಕೇಳೂದು?" ಅಂತ ಮತ್ತೆ ಮತ್ತೆ ಅಂದರು.

ಒಂದು ಹಾಳೆ ಕೊಟ್ಟು, ನೀವು ಒಪ್ಪಿದ್ದೇನು ಅಂತ ಬರೆಯಿರಿ ಅಂದೆ. 46 ಲಕ್ಷ ಅಂತ ಬರೆದು ಪೆನ್ನು ಇಟ್ಟರು. ಬಿಡುವ ತಿಂಗಳು? ಮಾತಾಗಿಲ್ಲ. ಹಣ ಚೆಕ್ಕಲ್ಲಾ, ರೊಕ್ಕದಲ್ಲಾ? ಹುಡುಗ 12 ಲಕ್ಷ ಕೈಯಲ್ಲಿ ಕೊಡುತ್ತೇನೆ ಅಂದಿದ್ದಾನೆ, ಇವರು ಸುಮ್ಮನಿದ್ದರು. ಬಾಗಿಲು? ಜೊತೆಗೆ ಒಯ್ಯಬಹುದಾ ಅಂತ ಕೇಳಿಯೇ ಇಲ್ಲ. ಅಂದರೆ ಮಾತು ಕೊಟ್ಟಿದ್ದು ದರಕ್ಕೆ ಮಾತ್ರ. ಉಳಿದದ್ದನ್ನು ಈಗ ಕೇಳಿದರೆ ಮಾತು ತಪ್ಪಿದಂತೆ ಹೇಗಾಗುತ್ತದೆ? ಇದು ಹೊಳೆದ ಮೇಲೆ ಅವರ ದನಿಯೇ ಬದಲಾಯಿತು.

52 ಲಕ್ಷಕ್ಕೆ ಕೊಡಬೇಕಾ ಅನ್ನುವುದನ್ನು ನಾನು ತೀರ್ಮಾನಿಸಲಿಲ್ಲ. ಸಂಬಂಧ ಕೆಡಿಸಿಕೊಳ್ಳಲ್ಲ, 46ಕ್ಕೇ ಕೊಡುತ್ತೇನೆ ಅಂತ ಅವರೇ ಅಂದರು. ಸರಿ, ಆದರೆ ಆ ಆರು ಲಕ್ಷ ಬಿಟ್ಟದ್ದು ಹುಡುಗನಿಗೆ ಗೊತ್ತಾಗಲಿ ಅಂದೆ. ಹಂಗಿಸುವ ಹಾಗಲ್ಲ, ಒಂದೇ ಸಲ, ನೇರವಾಗಿ. ನಾವು ಬಿಟ್ಟುಕೊಟ್ಟಿದ್ದು ಎದುರಿನವರಿಗೆ ತಿಳಿಯದಿದ್ದರೆ ಅವರು ಬದಲಿಗೆ ಏನನ್ನಾದರೂ ಯಾಕೆ ಬಿಟ್ಟುಕೊಡುತ್ತಾರೆ?

ಕಾನೂನಿನ ಭಾಗಕ್ಕೆ ವಕೀಲರ ಹತ್ತಿರ ಕಳಿಸಿದೆ. ಮನೆ ಗಂಡನ ಸ್ವಂತ ದುಡಿಮೆಯದು, ವಿಲ್ ಬರೆದಿಲ್ಲ, ಅತ್ತೆಯೂ ಇಲ್ಲ. ಹಾಗಾಗಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು, ಮೂವರ ಸಹಿಯೂ ಬೇಕು. ಖಾತೆ ಇನ್ನೂ ಗಂಡನ ಹೆಸರಲ್ಲೇ ಇತ್ತು. ವಾರಸಾ ಆಗಿ, ಅಂದರೆ ಖಾತೆ ಮೂವರ ಹೆಸರಿಗೆ ಬಂದು, ಇ-ಖಾತಾ (ಆನ್‌ಲೈನ್ ಖಾತೆ) ಬರುವ ತನಕ ನೋಂದಣಿಯ ಮಾತೇ ಇಲ್ಲ.

ಕೈಯಲ್ಲಿ ಕೊಡುವ 12 ಲಕ್ಷದ ಬಗ್ಗೆ ಮಾತ್ರ ನಾನು ಗಟ್ಟಿಯಾಗಿಯೇ ಬೇಡ ಅಂದೆ. ಮನೆ ಮಾರಾಟದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆದರೆ, ಪಡೆದಷ್ಟೇ ದಂಡ ಬೀಳಬಹುದು. ಅದೂ ಕೊಟ್ಟವರಿಗಲ್ಲ, ತಗೊಂಡವರಿಗೆ. ಹುಡುಗನಿಗೆ ಆ 12 ಲಕ್ಷ ಕಾಗದದಲ್ಲಿ ತೋರಿಸದೆ ನೋಂದಣಿ ಖರ್ಚು ಉಳಿಸುವ ಆಸೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು ಶೇ. 2 ಆಗಿದೆ, ಅವನ ಸಂಕಟ ಸುಳ್ಳಲ್ಲ. ಆದರೆ ಆ ಉಳಿತಾಯದ ಅಪಾಯ ಪೂರ್ತಿ ದೊಡ್ಡವ್ವನ ತಲೆ ಮೇಲೆ!

ಇನ್ನು ಕೇಳುವುದು ಹೇಗೆ? ಅಕ್ಕಾರಿಗೆ ಒಂದು ಅಭ್ಯಾಸ. ಏನಾದರೂ ಕೇಳಿ, ಎದುರಿನವರು ತುಸು ಸುಮ್ಮನಾದರೆ ಸಾಕು, "ಚಾ ಮಾಡ್ಲೇನು?" ಅಂತ ಎದ್ದುಬಿಡುತ್ತಾರೆ. ವಾಪಸ್ ಬರುವ ಹೊತ್ತಿಗೆ ಕೇಳಿದ್ದು ಹಾರಿಹೋಗಿರುತ್ತದೆ. ಮಗಳನ್ನು ಹುಡುಗನ ಜಾಗದಲ್ಲಿ ಕೂಡಿಸಿ ನನ್ನ ಮುಂದೆಯೇ ಮಾತಾಡಿಸಿದೆ. ಮೊದಲ ಸಲ "ನಿನಗ ತ್ರಾಸ ಆಗ್ತದ ಅಂದ್ರ ಬ್ಯಾಡ ಬಿಡು" ಅಂತ ತಾವೇ ಹಿಂದೆ ಸರಿದರು. ಚಹಾ ಮೊದಲೇ ಮುಗಿಸಿ, ದಸರಾ ತನಕ ಇರಬೇಕು ಅಂತ ಕೇಳಿ, ಅವನು ಬಾಯಿ ಬಿಡುವ ತನಕ ಕೂತೇ ಇರಿ ಅಂದೆ. ಅವರಿಗೆ ಅದು ಬಹಳ ಕಷ್ಟದ ಕೆಲಸವಾಗಿತ್ತು.

ಅವರ ಒಪ್ಪಿಗೆಯ ಮೇಲೆ ಹುಡುಗನನ್ನೂ ಕರೆಸಿದೆ. ಕೆಟ್ಟವನೇನಲ್ಲ. ಬಾಡಿಗೆ ಮನೆಯವರು ಖಾಲಿ ಮಾಡು ಅಂದಿದ್ದಾರೆ, ಶಾಲೆ ಶುರುವಾಗುವುದರೊಳಗೆ ಮಕ್ಕಳನ್ನು ಕರೆತರಬೇಕು. 52ರ ವಿಷಯ ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅಕ್ಕಾರು ಏಳಲಿಲ್ಲ! ಕೊನೆಗೆ "ದೊಡ್ಡವ್ವ, ಮೊದಲ ಹೇಳಬಾರದೇನ?" ಅಂದ.

ಮಹಡಿಯ ಎರಡು ಖೋಲಿ ಖಾಲಿ ಇದ್ದವು. ಮೇ ಕೊನೆಯಲ್ಲಿ ನೋಂದಣಿಯಾದ ಕೂಡಲೇ ಅವನು ಮೇಲೆ ಬರುವುದು, ಇವರು ದಸರಾ ತನಕ ಕೆಳಗೆ ಇರುವುದು ಅಂತ ಅವರಿಬ್ಬರೇ ಮಾತಾಡಿಕೊಂಡರು. ನನಗೆ ಇದು ಅಷ್ಟು ಹಿಡಿಸಲಿಲ್ಲ. ಮಾರಿದವರು, ಕೊಂಡವರು ಒಂದೇ ಸೂರಿನಡಿ ಇದ್ದರೆ ನೀರು, ಕರೆಂಟ್ ಬಿಲ್ಲಿಗೇ ಜಗಳ ಹತ್ತುತ್ತದೆ. ಅದಕ್ಕೇ ಬಿಡುವ ತಾರೀಖು, ಬಿಲ್ ಯಾರು ಕಟ್ಟಬೇಕು ಅನ್ನುವುದನ್ನೆಲ್ಲ ಕಾಗದದಲ್ಲಿ ಬರೆಸಿ ಅಂದೆ. ಪೂರ್ತಿ ಹಣ ಬ್ಯಾಂಕಿನ ಮೂಲಕವೇ ಬರಬೇಕು, ಕೊನೆಯ ಕಂತಿನ ಡಿಡಿ ಕೈಗೆ ಬಂದ ಮೇಲೆಯೇ ಸಹಿ. ಬಾಗಿಲಿಗೆ ಹುಡುಗ ಜಾಸ್ತಿ ಎಳೆದಾಡಿದ. ಮನೆಯ ಕಳೆಯೇ ಅದು ಅಂದ. ಹೊಸ ಬಾಗಿಲಿನ ಖರ್ಚು ನಾನೇ ಕೊಡುತ್ತೇನೆ ಅಂತ ಅಕ್ಕಾರು ಅಂದ ಮೇಲೆ ಒಪ್ಪಿದ.

ಉಳಿದದ್ದು ಮಗ. ಆರು ಲಕ್ಷ ಬಿಟ್ಟದ್ದಕ್ಕೆ ಅವನಿಗೆ ಸಿಟ್ಟು, ಅದರಲ್ಲಿ 2 ಲಕ್ಷ ಅವನ ಪಾಲಿನದು. ನೋಂದಣಿಯ ದಿನ ನೇರವಾಗಿ ಸಹಿಗೆ ಕರೆಯಬೇಡಿ, ಇಸಾರ ಪತ್ರ ಬರೆಸುವ ಮುಂಚೆಯೇ ಕೂತು ಮಾತಾಡಿ ಅಂದೆ. "ನನ್ನ ಪಾಲಿನಾಗಿಂದ 2 ಲಕ್ಷ ಅವಂಗ ಕೊಟ್ಟಬಿಡ್ತೇನ್ರಿ" ಅಂತ ಅಕ್ಕಾರು ಆಗಲೇ ಶುರು ಮಾಡಿದ್ದರು. ಅವನು ಕೇಳುವ ಮೊದಲೇ ಕೊಡಬೇಡಿ ಅಂತ ತಡೆದೆ. ಯುಗಾದಿಗೆ ಊರಿಗೆ ಬರುತ್ತಾನಂತೆ. ಇಸಾರ ಪತ್ರದ ಕರಡು ವಕೀಲರ ಹತ್ತಿರವೇ ಇದೆ. ಅಲ್ಲಿಯ ತನಕ ಯಾರೂ ಸಹಿ ಹಾಕುವುದಿಲ್ಲ.