ಗೋಡೆ ಎತ್ತರವಿದ್ದರೂ ಪರಾರಿ ಹೇಗೆ?

ಪ್ರಶ್ನೆ: ಬೆಳಗಾವಿಯ ಹಿಂಡಲಗಾ ಜೈಲು, ನಮ್ಮ ದರ್ಗಾ ಜೈಲು ಎರಡಕ್ಕೂ ಭಾರೀ ಗೋಡೆ. ಆದರೂ ‘ಕೈದಿ ಪರಾರಿ’ ಸುದ್ದಿ ನಿಲ್ಲುವುದಿಲ್ಲ, ಯಾಕೆ?
– ಓದುಗರೊಬ್ಬರು, ವಿಜಯಪುರ

ಉತ್ತರ: ಸುದ್ದಿಯಲ್ಲಿ ಜಾಗ ಯಾವುದೆಂದು ನೋಡಿ. ಎಷ್ಟೋ ಸಲ ಅದು ಕೋರ್ಟ್ ಆವರಣ, ಆಸ್ಪತ್ರೆ ವಾರ್ಡು ಅಥವಾ ಪ್ರಯಾಣದ ದಾರಿ. ಒಳಗೆ ಸಂಜೆ ಬೀಗ ಹಾಕುವಾಗ, ಬೆಳಿಗ್ಗೆ ತೆಗೆಯುವಾಗ ತಲೆ ಎಣಿಸಿ ರಿಜಿಸ್ಟರಿಗೆ ತಾಳೆ ನೋಡುತ್ತಾರೆ. ಮುಖ ನೋಡದೆ ನಿನ್ನೆಯ ಸಂಖ್ಯೆಯನ್ನೇ ಬರೆದರೆ ಅಲ್ಲೂ ಎಡವಟ್ಟು.

ಹೊರಗೆ ಕಾವಲು ಪೊಲೀಸರದು. ಇಬ್ಬರಲ್ಲಿ ಒಬ್ಬರು ಕಾಗದಪತ್ರ ಹಿಡಿದು ಕೌಂಟರಿಗೆ ಹೋದರೆ ಉಳಿದವರು ಒಂಟಿ. ಕೈದಿಯನ್ನು ಶೌಚಾಲಯಕ್ಕೆ ಬಿಡುವ ಮೊದಲು ಒಳಗೆ ಪರಿಶೀಲಿಸದಿರುವುದು ಇನ್ನೊಂದು ಹಳೆಯ ತಪ್ಪು. ಹಾಗೆಂದು ಎಲ್ಲರಿಗೂ ಕೋಳ ತೊಡಿಸುವಂತಿಲ್ಲ. 1980ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ತಡೆದಿದೆ, ಅದು ಸರಿಯೂ ಹೌದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 43(3)ನೇ ಕಲಂ ಪದೇಪದೇ ಅಪರಾಧ ಮಾಡುವವರು, ಹಿಂದೆ ತಪ್ಪಿಸಿಕೊಂಡವರು ಮತ್ತು ಕೆಲವು ಗಂಭೀರ ಅಪರಾಧಗಳವರಿಗಷ್ಟೇ ಅವಕಾಶ ಕೊಡುತ್ತದೆ.

ನಮ್ಮ ಪ್ರಕಾರ ದೊಡ್ಡ ಪರಿಹಾರ ಪ್ರಯಾಣವನ್ನೇ ಕಡಿಮೆ ಮಾಡುವುದು. ನ್ಯಾಯಾಂಗ ಬಂಧನದ ವಿಸ್ತರಣೆಗೆ ವಿಡಿಯೊ ಹಾಜರಿ ಸಾಕೆಂದು ಅದೇ ಸಂಹಿತೆಯ 187ನೇ ಕಲಂ ಹೇಳುತ್ತದೆ. ಜೈಲಿನೊಳಗೇ ವೈದ್ಯರು ಸಿಕ್ಕರೆ ಆಸ್ಪತ್ರೆಯ ಓಡಾಟವೂ ತಗ್ಗುತ್ತದೆ.

ಓಡಿಹೋಗಿ ಸಿಕ್ಕಿಬಿದ್ದವರಿಗೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲಿಗೆ ಬಂದ ಕಾನೂನು) 262ನೇ ಕಲಮಿನಡಿ 2 ವರ್ಷದವರೆಗೆ ಜೈಲು, ಮೂಲ ಶಿಕ್ಷೆಯ ಜೊತೆಗೆ.