ಹೋಟೆಲಿನಲ್ಲಿ ಮಗುವಿನ ಕೈಗೆ ಮೊಬೈಲ್ ಕೊಡಬಹುದಾ?

ಮೂರು ವರ್ಷದ ಮಗಳಿಗೆ ಹೋಟೆಲಿನಲ್ಲಿ ಬಣ್ಣ ತುಂಬುವ ಆ್ಯಪ್, ಅಕ್ಷರ ಕಲಿಸುವ ಆ್ಯಪ್ ಹಾಕಿ ಕೊಡುತ್ತೇನೆ, ಪಕ್ಕದ ಟೇಬಲಿನವರು ದುರುಗುಟ್ಟಿ ನೋಡುತ್ತಾರೆ, ಇದು ಅಷ್ಟು ದೊಡ್ಡ ತಪ್ಪಾ ಅಂತ ಕೇಳಿದ್ದೀರಿ. ಆ ನೋಟವನ್ನು ನಾನೂ ಉಂಡವನೇ. ಎರಡು ಮಕ್ಕಳ ಅಪ್ಪ. ಮೊದಲನೆಯವಳಿಗೆ ಧಾರಾಳವಾಗಿ ಮೊಬೈಲ್ ಕೊಟ್ಟೆ, ಎರಡನೆಯವನಿಗೆ ಕೊಡುತ್ತಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ತಿಂಡಿ ಬರುವ ತನಕ ಹತ್ತು ನಿಮಿಷ, ಸದ್ದು ಪೂರ್ತಿ ಬಂದ್ ಮಾಡಿ ಕೊಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ತಟ್ಟೆ ಬಂದ ಮೇಲೆ ಬೇಡ. ಮಗುವಿಗೆ ಎರಡು ವರ್ಷ ತುಂಬಿಲ್ಲದಿದ್ದರೆ ಆ ಹತ್ತು ನಿಮಿಷವೂ ಬೇಡ.

ನನ್ನ ಮಗಳ ಕಥೆ ಕೇಳಿ. ಎರಡೂವರೆ ವರ್ಷದವಳಿದ್ದಾಗ ಮೊಬೈಲಿನಲ್ಲಿ ಹಾಡು ಹಾಕಿದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ನಮಗೂ ಆರಾಮವಾಗಿತ್ತು. ಹೋಟೆಲಿಗೆ ಹೋದರೆ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿಡುವುದು, ಹಿಂದಿನಿಂದ ಇಡ್ಲಿ ತುರುಕುವುದು. ಹೀಗಿರುವಾಗ ನೆಂಟರ ಮನೆಯ ನಾಮಕರಣದ ಊಟಕ್ಕೆ ಹೋದೆವು. ಪಂಕ್ತಿಯಲ್ಲಿ ಕೂತು, ಎಲೆಗೆ ಕೋಸಂಬರಿ, ಪಲ್ಯ ಬೀಳುವ ಹೊತ್ತಿಗೆ ಮೊಬೈಲಿನ ಚಾರ್ಜ್ ಖಾಲಿ. ಹುಡುಗಿ ಬಾಯಿಯನ್ನು ಬೀಗ ಹಾಕಿದ ಹಾಗೆ ಮುಚ್ಚಿಕೊಂಡಳು. ಎಲೆಯ ಮೇಲಿದ್ದ ಯಾವುದನ್ನೂ ಗುರುತು ಹಿಡಿಯಲಿಲ್ಲ. ವಾರಕ್ಕೆ ಮೂರು ಸಲ ತಿನ್ನುತ್ತಿದ್ದ ಬೀನ್ಸ್ ಪಲ್ಯವನ್ನು ತೋರಿಸಿ "ಇದೇನು?" ಅಂತ ಕೇಳಿದಳು. ಪಕ್ಕದಲ್ಲಿದ್ದ ನಮ್ಮ ಅತ್ತೆ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ, ಪುಣ್ಯ.

ಇಲ್ಲಿ ಒಬ್ಬರು "ಅಜ್ಜಿಯರೂ ಚಂದಮಾಮನನ್ನು ತೋರಿಸಿಯೇ ತುತ್ತು ಕೊಡುತ್ತಿದ್ದರಲ್ಲ, ಅದೂ ಮರುಳು ಮಾಡುವುದೇ ಅಲ್ವಾ?" ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ, ನಾನೂ ಇದೇ ವಾದ ಮಾಡುತ್ತಿದ್ದೆ. ಆದರೆ ಅಜ್ಜಿಯ ಕಣ್ಣು ಮಗುವಿನ ಮುಖದ ಮೇಲಿರುತ್ತಿತ್ತು. ಸಾಕು ಅಂತ ಮಗು ಮುಖ ತಿರುಗಿಸಿದರೆ ಅವಳಿಗೆ ತಿಳಿಯುತ್ತಿತ್ತು. ಚಂದ್ರನೂ ಒಂದು ಮುಗಿದ ತಕ್ಷಣ ತಾನೇ ಇನ್ನೊಂದನ್ನು ಶುರು ಮಾಡುತ್ತಿರಲಿಲ್ಲ. ವಿಡಿಯೋ ಹಾಗಲ್ಲ, ಮುಗಿಯುವುದೇ ಇಲ್ಲ. ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ನಿಮ್ಮ ಬಣ್ಣದ ಆ್ಯಪ್ ವಿಡಿಯೋಗಿಂತ ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ತಟ್ಟೆ ಮುಂದೆ ಇರುವಾಗ ಅದು ಅಕ್ಷರ ಕಲಿಸುತ್ತದಾ, ಬಣ್ಣ ಕಲಿಸುತ್ತದಾ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬುವ ತನಕ ಕೂತು ಸ್ಕ್ರೀನ್ ನೋಡುವುದೇ ಬೇಡ, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಆ 1 ಗಂಟೆ ಮನೆಯಲ್ಲೇ ಮುಗಿದುಹೋಗಿರುತ್ತದೆ ಅನ್ನುವುದು ಬೇರೆ ಮಾತು.

ನನ್ನನ್ನು ಜಾಸ್ತಿ ಚುಚ್ಚಿದ್ದು ಇನ್ನೊಂದು ವಿಷಯ. ಅಮೆರಿಕದ ಬಾಸ್ಟನ್ ಕಡೆ ಸಂಶೋಧಕರು ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಸುಮ್ನೆ ಕೂತು ಮಕ್ಕಳ ಜೊತೆ ಬಂದ ದೊಡ್ಡವರನ್ನು ಗಮನಿಸಿದರು. 2014ರಲ್ಲಿ ಅದು ಪ್ರಕಟವಾಯಿತು. 55 ಜನರಲ್ಲಿ 40 ಜನ ಊಟದ ನಡುವೆ ತಾವೇ ಮೊಬೈಲ್ ಹಿಡಿದಿದ್ದರು. ಅದರಲ್ಲಿ ಮುಳುಗಿದವರು ಮಗು ಕರೆದಾಗ ರೇಗಿದ್ದೂ ಉಂಟು. ನಾನು ಮಗಳ ಬಗ್ಗೆ ಗೊಣಗುತ್ತಾ ಆಫೀಸಿನ ಮೆಸೇಜು ಓದುತ್ತಿದ್ದೆ. ಅವಳಿಗೆ ಕೊಡಬೇಡಿ ಅಂದರೆ ನಾವೂ ಜೇಬಿಗೆ ಇಡಬೇಕಾಗುತ್ತದೆ, ಅದೇ ಕಷ್ಟ.

ಇನ್ನು ಮೊಬೈಲ್ ಇಲ್ಲದೆ ಏನು ಮಾಡುವುದು? ಮಕ್ಕಳಿಗೆ ಊಟ ಕಷ್ಟವಲ್ಲ, ಕಾಯುವುದು ಕಷ್ಟ. ದರ್ಶಿನಿಯಲ್ಲಿ ಯಾವ ಮಗುವೂ ಮೊಬೈಲ್ ಕೇಳುವುದನ್ನು ನಾನು ಕಂಡಿಲ್ಲ. ಕೂಪನ್ ಕೊಟ್ಟ ಐದು ನಿಮಿಷಕ್ಕೆ ತಿಂಡಿ ಕೈಗೆ ಬಂದಿರುತ್ತದೆ. ಅಲ್ಲಿ ಮಗನನ್ನು ಎತ್ತಿಕೊಂಡು ಕಾವಲಿಯ ಎದುರು ನಿಲ್ಲುತ್ತೇನೆ. ನೀರು ಚಿಮುಕಿಸಿ, ಮೋಟು ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹಿಟ್ಟು ಹುಯ್ಯುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇರುವ ಹೋಟೆಲು, ಭಾನುವಾರ ಕಾಯದೆ ಕುರ್ಚಿ ಸಿಗುವುದಿಲ್ಲ. ಆದರೆ ಅಲ್ಲಿನ ಸಪ್ಲೈಯರ್‌ಗಳು ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಕೈಯಲ್ಲಿ ತರುತ್ತಾರಲ್ಲ, ಅದನ್ನು ನೋಡಿದರೆ ಯಾವ ಆ್ಯಪ್ ಬೇಕು? ನನ್ನ ಮಗ ಎಣಿಸಲು ಹೋಗಿ ಆರಕ್ಕೆ ಲೆಕ್ಕ ತಪ್ಪುತ್ತಾನೆ.

ಫ್ಯಾಮಿಲಿ ರೆಸ್ಟೋರೆಂಟುಗಳೇ ತಲೆನೋವು. ಆರ್ಡರ್ ಕೊಟ್ಟು ಮುಕ್ಕಾಲು ಗಂಟೆ. ಅಲ್ಲಿಗೆ ರಾತ್ರಿ ಒಂಬತ್ತಕ್ಕೆ ಹೋಗಬೇಡಿ, ಏಳಕ್ಕೇ ಹೋಗಿ. ಕೂತ ಕೂಡಲೇ ಮಗುವಿಗೆ ಬೇಗ ಬರುವ ಏನಾದರೂ ಒಂದು ಹೇಳಿಬಿಡಿ. ಹಳೇ ಬಿಲ್ಲಿನ ಹಿಂಬದಿ, ಒಂದು ಪೆನ್ನು ಬ್ಯಾಗಿನಲ್ಲಿರಲಿ. ಕೈ ತೊಳೆಯುವ ಬೇಸಿನ್ನಿಗೆ ಒಂದು ಸುತ್ತು ಹೋಗಿಬಂದರೆ ಐದು ನಿಮಿಷ ಕಳೆಯುತ್ತದೆ. ಅಷ್ಟಾದರೂ ಚಂಡಿ ಹಿಡಿದರೆ ಹೊರಗೆ ಕರೆದುಕೊಂಡು ಹೋಗಿ ಬೈಕು, ಆಟೋ ತೋರಿಸಿ.

ದುರುಗುಟ್ಟಿ ನೋಡುವವರನ್ನು ಬಿಟ್ಟಾಕಿ. ಮಗು ಅತ್ತರೆ ಅಳಿಸುತ್ತಾರೆ ಅಂತಾರೆ, ಮೊಬೈಲ್ ಕೊಟ್ಟರೆ ಕೆಡಿಸುತ್ತಾರೆ ಅಂತಾರೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಹೋಟೆಲಿನ ಗದ್ದಲ ತಡೆಯುವುದೇ ಕಷ್ಟ, ಆ ಸ್ಕ್ರೀನ್ ಇದ್ದರೇನೇ ಮನೆಯವರೆಲ್ಲ ಹೊರಗೆ ಬಂದು ಊಟ ಮಾಡಲು ಆಗುವುದು. ಪಕ್ಕದ ಟೇಬಲಿನಿಂದ ಅದೆಲ್ಲ ಕಾಣುವುದಿಲ್ಲ. ಅವರು ಸದ್ದಿನ ಬಗ್ಗೆ ತಕರಾರು ಮಾಡಿದರೆ ಮಾತ್ರ ಅವರದೇ ಸರಿ. ಒಂದೇ ರೈಮ್ಸನ್ನು ಹನ್ನೆರಡು ಸಲ ಕೇಳಿಕೊಂಡು ಯಾರೂ ಊಟ ಮಾಡಬೇಕಾಗಿಲ್ಲ.

ಒಂದು ಒಪ್ಪಿಕೊಳ್ಳಬೇಕು. ನಾನು ಮಗಳಿಗೆ ಮೊಬೈಲ್ ಕೊಡುತ್ತಿದ್ದದ್ದು ಅವಳ ಊಟಕ್ಕಲ್ಲ, ನನ್ನ ಊಟಕ್ಕೆ. ವಾರಕ್ಕೊಂದು ಸಲ ಬಿಸಿಯಾಗಿ ತಿನ್ನುವ ಆಸೆ ಯಾರಿಗಿಲ್ಲ? ಈಗ ಹೆಂಡತಿ, ನಾನು ಸರದಿ ಮಾಡಿಕೊಂಡಿದ್ದೇವೆ. ಒಬ್ಬರು ತಿನ್ನುವಾಗ ಇನ್ನೊಬ್ಬರು ಮಗನ ಹಿಂದೆ. ಹೋದ ಭಾನುವಾರ ನನ್ನ ಸರದಿ. ಅವನನ್ನು ನಾಲ್ಕನೇ ಸಲ ಬೇಸಿನ್ನಿಗೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ನನ್ನ ಮಸಾಲೆ ದೋಸೆ ಚರ್ಮದಂತಾಗಿತ್ತು. ಒಳಗಿನ ಪಲ್ಯವನ್ನು ಮಗಳು ಆಗಲೇ ತಿಂದು ಮುಗಿಸಿದ್ದಳು.