ಅಂಟ್ಕೊಂಡು ಓಡಿಸಿದ್ರೆ ದಾಟಕ್ಕಾಗಲ್ಲ ತಮ್ಮಾ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಲಿ ಬೈಕ್ ಓಡಿಸಿದ್ದು ನೀನು ಹಾಕಿರೋ ವಿಡಿಯೋ ಮೂರು ಸಲ ನೋಡ್ದೆ. "ಮುಂದಿರೋವನ ಹಿಂದಿನ ಚಕ್ರಕ್ಕೆ ಅಂಟ್ಕೊಂಡೇ ಇದೀನಿ, ಆದ್ರೂ ಸ್ಟ್ರೈಟಲ್ಲಿ ಬಿಟ್ಟೋಗ್ತಾನೆ, ಇಂಜಿನ್ ಕೆಲಸ ಮಾಡಿಸ್ಲಾ" ಅಂತ ಕೇಳಿದೀಯ. ಇಂಜಿನ್ ಮುಟ್ಬೇಡ. ನಾನೂ ಬಹಳ ದಿನ ಮಾಡಿದ ತಪ್ಪೇ ಇದು. ಅಂಟ್ಕೊಂಡಿರೋದೇ ನಿನ್ನ ತೊಂದ್ರೆ.

ಸ್ಟ್ರೈಟಿಗೆ ಮುಂಚಿನ ತಿರುವಲ್ಲಿ ವಿಡಿಯೋ ನಿಲ್ಸಿ ನಿನ್ನ ಬಲಗೈ ನೋಡು. ಅವನ ಟೈರ್ ಹತ್ರ ಬಂತು ಅಂತ ಥ್ರಾಟಲ್ ಮುಚ್ಚಿದೀಯ, ಅವನು ತೆರೆದ ಮೇಲೇ ತೆರೆದಿದೀಯ. 60 ಕಿಮೀ ವೇಗದಲ್ಲಿ ಅರ್ಧ ಸೆಕೆಂಡ್ ಹಿಂದೆ ಅಂದ್ರೆ ಬರೀ 8 ಮೀಟರ್. ಅದೇ ಅರ್ಧ ಸೆಕೆಂಡ್ 140ರಲ್ಲಿ 19 ಮೀಟರ್. ಅವನ ಗಾಡಿಗೆ ಪವರ್ ಜಾಸ್ತಿ ಅಂತ ನಿಂಗೆ ಅನ್ಸೋದು ಇದಕ್ಕೇ.

ಹೀಗೆ ಮಾಡು. ಆ ತಿರುವಿಗೆ ಬರೋವಾಗ್ಲೇ ಒಂದೂವರೆ ಎರಡು ಗಾಡಿ ಉದ್ದ ಜಾಗ ಬಿಡು. ಬ್ರೇಕ್ ಒಂದು ಚೂರು ಮುಂಚೆ ಹಿಡಿ, ಮೆತ್ತಗೆ ಬಿಡು, ತಡವಾಗಿ ತಿರುಗಿಸು, ಎಪೆಕ್ಸ್ (ತಿರುವಿನ ಒಳ ಅಂಚಿಗೆ ತೀರಾ ಹತ್ರ ಹೋಗೋ ಜಾಗ) ತಡವಾಗಿ ಮುಟ್ಟು. ಗಾಡಿ ಬೇಗ ನೆಟ್ಟಗಾಗತ್ತೆ, ಅವನಿಗಿಂತ ಮುಂಚೆ ಗ್ಯಾಸ್ ಕೊಡ್ಬಹುದು. ನೀನು ಅವನ ಹಿಂದಿನ ಚಕ್ರ ಮುಟ್ಟಬೇಕಾಗಿರೋದು ತಿರುವಲ್ಲಿ ಅಲ್ಲ, ಸ್ಟ್ರೈಟ್ ಮಧ್ಯದಲ್ಲಿ, ಅವನಿಗಿಂತ ಜಾಸ್ತಿ ವೇಗದಲ್ಲಿ. ಟೋ, ಅಂದ್ರೆ ಮುಂದಿನ ಗಾಡಿ ಗಾಳಿ ಸೀಳಿ ನಿಂಗೆ ಕೊಡೋ ಎಳೆತ, ಅಲ್ಲಿಂದ ಕೆಲಸ ಮಾಡತ್ತೆ. ಗದ್ದ ಟ್ಯಾಂಕ್ ಮೇಲೆ, ಮೊಣಕೈ ಒಳಗೆ. ಅವನ ಹಿಂದಿನಿಂದ ಬೇಗ ಹೊರಗೆ ಬಂದ್ರೆ ಗಾಳಿ ಎದೆಗೆ ಹೊಡೆದು ಅವನ ಪಕ್ಕದಲ್ಲೇ ನಿಂತುಬಿಡ್ತೀಯ. ವೇಗದ ವ್ಯತ್ಯಾಸ ಇನ್ನೂ ಕೈಲಿರೋವಾಗ, ಬ್ರೇಕ್ ಮಾರ್ಕರ್‌ಗೆ (ಬ್ರೇಕ್ ಹಿಡಿಯೋಕೆ ಗುರುತು ಮಾಡ್ಕೊಂಡ ಜಾಗ) ಸ್ವಲ್ಪ ಮುಂಚೆ, ಒಂದೇ ಸಲ ಹೊರಗೆ ಬಾ.

ಆದ್ರೆ ಟೋದಲ್ಲಿ ದಿನದ ಮಾರ್ಕರ್ ನಂಬ್ಬೇಡ. 140ರ ಬದಲು 145ರಲ್ಲಿ ಬಂದ್ರೆ ಬ್ರೇಕಿಂಗ್ ದೂರ ನೂರಕ್ಕೆ 7ರಷ್ಟು ಜಾಸ್ತಿ, ಮುಂದೆ ಗಾಡಿ ಇದ್ರೆ ತಡೆಯೋ ಗಾಳಿನೂ ಕಮ್ಮಿ. ಎರಡನೇ ಲ್ಯಾಪಲ್ಲಿ ಒಳಗೆ ನುಗ್ಗಿ ಹೊರಗೆ ತೇಲಿದ್ಯಲ್ಲ, ಇದಕ್ಕೇ. ಒಳಗಿನ ಲೈನ್ ಬಿಗಿ, ಅಲ್ಲಿ ವೇಗ ಕಮ್ಮಿನೇ ಇರ್ಬೇಕು. ಎಪೆಕ್ಸ್ ತಪ್ಪಿಸ್ಕೊಂಡ್ರೆ ಅವನು ಅಡ್ಡ ಕತ್ತರಿಸಿ ವಾಪಸ್ ಹೋಗ್ತಾನೆ. ಅದು ಓವರ್‌ಟೇಕ್ ಅಲ್ಲವೇ ಅಲ್ಲ.

ಟೋದಲ್ಲಿ ಇಂಜಿನ್ ಲಿಮಿಟರ್ (ಆರ್‌ಪಿಎಂ ಮಿತಿ) ಬಡೀತಿದ್ರೆ, ನಿಮ್ಮ ರೇಸ್ ಕ್ಲಾಸ್ ನಿಯಮ ಒಪ್ಪಿದ್ರೆ ಮಾತ್ರ, ಹಿಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಒಂದು ಹಲ್ಲು ಕಮ್ಮಿ ಮಾಡು. 40ರಲ್ಲಿ ಒಂದು ಅಂದ್ರೆ ಶೇ. 2.5. ತಿರುವಿಂದ ಏಳೋದು ಅಷ್ಟೇ ಮಂದ ಆಗತ್ತೆ, ಗೊತ್ತಿರಲಿ.

ಬ್ರೇಕ್ ಲಿವರ್ ಮೆತ್ತಗಾಯ್ತು ಅಂದಿದೀಯ. ಬೇರೆ ಗಾಡಿ ಹಿಂದೆ ತಣ್ಣನೆ ಗಾಳಿ ಸಿಗಲ್ಲ, ಬ್ರೇಕ್ ಆಯಿಲ್ ಕುದಿಯತ್ತೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗೆ ಕುದಿಯೋ ಕನಿಷ್ಠ ಮಿತಿ 230 ಡಿಗ್ರಿ, ನೀರು ಹೀರಿದ ಮೇಲೆ 155. ಮೊಟುಲ್ ಆರ್‌ಬಿಎಫ್ 600 ಹೊಸದಾದ್ರೆ 312. ನನ್ನ ಮಟ್ಟಿಗೆ ಬೇರೇನೂ ಬೇಡ. ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿ ಮಾತ್ರ ಹಾಕ್ಬೇಡ, ಡಾಟ್ 5 ಸಿಲಿಕಾನ್ ಹತ್ರಾನೂ ಸೇರಿಸ್ಬೇಡ. ಮುಂದಿನ ಟೈರೂ ಹಿಂಗೇ ಕಾಯತ್ತೆ, ಪ್ರೆಷರ್ ಏರಿ ಹಿಡಿತ ಹೋಗತ್ತೆ. ಟ್ರ್ಯಾಕಿಂದ ಪಿಟ್ ಒಳಗೆ ಬಂದ ತಕ್ಷಣ, ಹೆಲ್ಮೆಟ್ ತೆಗೆಯೋ ಮುಂಚೆ, ಟೈರಿಗೆ ಪ್ರೆಷರ್ ಗೇಜ್ ಹಿಡಿ. ಮೋಟೊಜಿಪಿಯಲ್ಲೂ ಇದೇ ತಲೆನೋವು.

ಮೇಲೆ ಒಬ್ರು "ಎಫ್‌ಒನ್‌ನಲ್ಲಿ ಯಾಕೆ ದಾಟಲ್ಲ" ಅಂತ ಕೇಳಿದಾರೆ. ಅಲ್ಲಿ ಕಾರು ರಸ್ತೆ ಹಿಡಿಯೋದೇ ಗಾಳಿಯಿಂದ. ಎಫ್‌ಒನ್‌ನವರೇ ಕೊಟ್ಟ ಲೆಕ್ಕದಲ್ಲಿ ಹಳೇ ಕಾರು 10 ಮೀಟರ್ ಹಿಂದೆ ಬಂದ್ರೆ ಡೌನ್‌ಫೋರ್ಸ್ (ಗಾಳಿ ಕಾರನ್ನ ಕೆಳಗೆ ಒತ್ತೋ ಬಲ) ಶೇ. 46 ಹೋಗ್ತಿತ್ತು, 2022ರ ವಿನ್ಯಾಸಕ್ಕೆ ಅದು 18. ಸ್ಟ್ರೈಟಲ್ಲಿ ಸಿಕ್ಕಿದ ಲಾಭ ತಿರುವಲ್ಲಿ ಕಳ್ಕೋತಾರೆ. ಅದಕ್ಕೇ 2011ರಲ್ಲಿ ಡಿಆರ್‌ಎಸ್ (ಹಿಂದಿನ ರೆಕ್ಕೆ ತೆರೆದು ಗಾಳಿ ತಡೆ ಕಮ್ಮಿ ಮಾಡೋದು) ತಂದಿದ್ದು, 2025ರವರೆಗೂ ಇತ್ತು. ಮೊನಾಕೊದಲ್ಲಿ ಅದೂ ಸಾಲ್ತಿರಲಿಲ್ಲ, ದಾಟೋಕೆ ರಸ್ತೆ ಅಗಲನೇ ಇಲ್ಲ.

ಮಳೇಲಿ ರಬ್ಬರ್ ಕೂತ ಲೈನೇ ಜಾರತ್ತೆ, ಪಕ್ಕದಲ್ಲಿ ಹಿಡಿತ ಹುಡುಕು. ಒಣಗಿದ್ರೆ ತಿರುಗಾಮುರುಗಾ, ಲೈನ್ ಬಿಟ್ಟ ಕಡೆ ರಬ್ಬರ್ ಚೂರು ಬಿದ್ದಿರತ್ತೆ. ಹಳದಿ ಬಾವುಟದಲ್ಲಿ (ಮುಂದೆ ಅಪಾಯ ಇದೆ ಅಂತ ಅರ್ಥ) ದಾಟ್ಬಾರ್ದು. ವಿಡಿಯೋ ಕೊನೇಲಿ ಬಾವುಟ ಆಡ್ತಿದ್ರೂ ನೀನು ಪಕ್ಕಕ್ಕೆ ಬಂದಿದೀಯ, ಅಲ್ಲಿ ಮಾರ್ಷಲ್ ಟ್ರ್ಯಾಕ್ ಮೇಲೆ ನಿಂತಿರ್ತಾರೆ ಕಣೋ. ಟೋ ಅಭ್ಯಾಸಕ್ಕೆ ಹೊಸೂರು–ಕೃಷ್ಣಗಿರಿ ಹೈವೇಲಿ ಲಾರಿ ಹಿಂದೆ ಹೋಗೋ ಹುಡುಗರ ಜತೆಗಂತೂ ಸೇರ್ಬೇಡ. ಮುಂದಿನ ಸಲ ಕ್ಯಾಮೆರಾನ ಥ್ರಾಟಲ್ ಕೈ ಕಾಣೋ ಹಾಗೆ ಕಟ್ಟಿ ಹಾಕು, ನೋಡಿ ಹೇಳ್ತೀನಿ.